ಡಿಕ್ಕಿಯಲ್ಲಿದ್ದ ಸೆಟ್ಟಿನಿಂದ ಬಂದ ಕರೆ

ದೆವ್ವ, ಅಶರೀರವಾಣಿ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎಕ್ಸ್‌ರೇ ಯಂತ್ರ ರಿಪೇರಿ ಮಾಡುವುದು ನನ್ನ ಉದ್ಯೋಗ. ಯಂತ್ರ ಕೆಟ್ಟಿದೆ ಎಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕುವವನಿಗೆ ತಾಳ್ಮೆ ಬೇಕು ಅಷ್ಟೆ ಎಂದು ನಂಬಿದವನು ನಾನು. ಕೆಲವು ವರ್ಷಗಳ ಹಿಂದಿನ ಒಂದು ಶುಕ್ರವಾರದ ಬಗ್ಗೆ ಬರೆಯುತ್ತಿರುವ ಈಗಲೂ ಆ ನಂಬಿಕೆ ಪೂರ್ತಿ ಹೋಗಿಲ್ಲ. ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಮನೆ ಬಂಟ್ವಾಳದಲ್ಲಿ, ಕೆಲಸ ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗಿನ ಕ್ಲಿನಿಕ್ಕುಗಳಲ್ಲಿ. ಅರ್ಧ ಆಯುಷ್ಯ ಕಾರಿನಲ್ಲೇ ಕಳೆಯುವವನು ಎಂದು, ಹವ್ಯಾಸಕ್ಕೆ ವೈರ್‌ಲೆಸ್ಸಿನಲ್ಲಿ ಮಾತಾಡುವ ಹ್ಯಾಮ್ ರೇಡಿಯೋ ಲೈಸನ್ಸ್ ಸಿಕ್ಕಿದ ಕೂಡಲೇ ಕಾರಿಗೊಂದು ಡಿಜಿಟಲ್ ಸೆಟ್ಟು ಕೂರಿಸಿದೆ. ಕಾರಿನ ಮಾಡಿಗೆ ತೂತು ಕೊರೆದು ಆಂಟೆನಾ ಹಾಕಿಸಿದ್ದಕ್ಕೆ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಮಳೆಗೆ ಸೋರುವುದಾದ್ರೆ ಡ್ರೈವರ್ ಸೀಟಿಗೇ ಸೋರಲಿ ಮಾರಾಯ್ರೆ" ಎಂದಳು. ಉದ್ದದ ಆಂಟೆನಾ ನೋಡಿ ಪೊಲೀಸರ ಗಾಡಿಯೆಂದು ತಿಳಿದು ಖಾಸಗಿ ಬಸ್ಸಿನವರು ಸಹ ಸೈಡ್ ಕೊಡುತ್ತಿದ್ದರು. ನಮ್ಮ ಕಡೆಯ ಬಸ್ಸುಗಳನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಈ ಹುಚ್ಚು ನನಗೆ ಹಿಡಿಸಿದವರು ವಿಟ್ಲದ ಹಮೀದಾಕ. ಗಲ್ಫಿನ ಬಂದರಿನಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದು, ಊರಿಗೆ ಬಂದ ಮೇಲೆ ಪೈಂಟಿನ ಅಂಗಡಿ ಇಟ್ಟವರು. ನನಗೆ ಪರೀಕ್ಷೆಗೆ ಪಾಠ ಹೇಳಿಕೊಟ್ಟವರೂ ಅವರೇ. ಹ್ಯಾಮ್‌ಗಳು ಮಾತು ಶುರು ಮಾಡುವಾಗ ಮೊದಲು ತಮ್ಮ ಕಾಲ್‌ಸೈನ್, ಅಂದರೆ ಲೈಸನ್ಸಿನ ಜೊತೆ ಸರಕಾರ ಕೊಟ್ಟ ಗುರುತು, ಹೇಳಬೇಕು. ಹಮೀದಾಕ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಹೆಸರು ಹೇಳದೆ ಬಾಗಿಲು ಬಡಿಯುವವನಿಗೆ ನೀವು ಬಾಗಿಲು ತೆಗೀತೀರಾ? ಇದೂ ಹಾಗೆಯೇ. ಕಾಲ್‌ಸೈನ್ ಇಲ್ಲದ ಕರೆಗೆ ಉತ್ತರ ಕೊಡ್ಲಿಕ್ಕಿಲ್ಲ" ಎನ್ನುತ್ತಿದ್ದರು. ಅವರ ಶಿಷ್ಯನಾಗಿ ನಾನೂ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ.

ಆ ಶುಕ್ರವಾರ ಮೂಡುಬಿದಿರೆಯ ಕೆಲಸ ಮುಗಿಸಿ ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೊರಟಿದ್ದೆ. ಹಮೀದಾಕರ ಹತ್ತಿರ ಇದ್ದದ್ದು ಕೈಯಲ್ಲಿ ಹಿಡಿಯುವ ಒಂದೇ ಒಂದು ಸೆಟ್ಟು. ಅದು ಚಾರ್ಜ್ ಆಗುತ್ತಿಲ್ಲವೆಂದು ಹಿಂದಿನ ದಿನ ರಿಪೇರಿಗೆ ನನ್ನ ಕೈಗೆ ಕೊಟ್ಟಿದ್ದರು. ನಾನು ಬ್ಯಾಟರಿ ಬಿಚ್ಚಿ, ಸೆಟ್ಟನ್ನೂ ಬ್ಯಾಟರಿಯನ್ನೂ ಬೇರೆ ಬೇರೆ ಪೇಪರಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟಿದ್ದೆ.

ಹನ್ನೊಂದು ಗಂಟೆಯ ಆಸುಪಾಸಿನಲ್ಲಿ ಕಾರಿನ ರೇಡಿಯೋದಲ್ಲಿ ಒಂದು ಸ್ವರ ಬಂತು. ಸಿಗ್ನಲ್ ದುರ್ಬಲವಾದರೆ ಡಿಜಿಟಲ್ ಸೆಟ್ಟಿನಲ್ಲಿ ಸ್ವರ ತುಂಡುತುಂಡಾಗಿ ತಗಡು ಕೆರೆದ ಹಾಗೆ ಕೇಳುತ್ತದೆ, ಯಾರದೆಂದು ಹೇಳಲಾಗುವುದಿಲ್ಲ. ಇದೂ ಹಾಗೇ ಇತ್ತು. "ಯಾರಾದ್ರೂ ಇದ್ದೀರಾ? ಮೇಲೆ ಇದ್ದೇನೆ. ಮೇಲೆ ಬನ್ನಿ." ಇಷ್ಟನ್ನೇ ಮೂರು ಸಲ ಹೇಳಿತು. ಇಂಥ ಸೆಟ್ಟುಗಳಲ್ಲಿ ಮಾತಿನ ಜೊತೆಗೆ ಮಾತಾಡುವ ಸೆಟ್ಟಿನ ಗುರುತೂ ಬಂದು ಕೇಳುವವರ ಪರದೆಯ ಮೇಲೆ ಮೂಡುತ್ತದೆ. ನನ್ನ ಪರದೆಯ ಮೇಲೆ ಮೂಡಿದ್ದು ಹಮೀದಾಕರ ಕಾಲ್‌ಸೈನ್, ಅದರ ಕೆಳಗೆ ಅವರ ಹೆಸರು.

ಇಂಡಿಕೇಟರ್ ಹಾಕಿ ಕಾರನ್ನು ಬದಿಗೆ ನಿಲ್ಲಿಸಿದೆ. ಮೈಕ್ ಎತ್ತಿ ಬಟನ್ ಒತ್ತಿದೆ; ಅದನ್ನು ಒತ್ತಿ ಹಿಡಿದಷ್ಟು ಹೊತ್ತು ನಮ್ಮ ಕಡೆಯ ಸದ್ದೆಲ್ಲ ಆ ಕಡೆಗೆ ಕೇಳುತ್ತದೆ. ಮಾತಾಡಲು ಬಾಯಿ ತೆರೆದಾಗಲೇ ಡಿಕ್ಕಿಯ ನೆನಪಾದದ್ದು. ಹಿಂದೊಮ್ಮೆ ಹೊಸಬನೊಬ್ಬ ತನ್ನ ಸೆಟ್ಟಿಗೆ ತಪ್ಪಿ ನನ್ನ ಗುರುತಿನ ನಂಬರ್ ತುಂಬಿಸಿಕೊಂಡು ವಾರಗಟ್ಟಲೆ ನನ್ನ ಹೆಸರಿನಲ್ಲಿ ಮಾತಾಡಿದ್ದುಂಟು. ಇದೂ ಅಂಥದ್ದೇ, ಆದರೆ ಬೇಕೆಂದೇ ಮಾಡಿದ ಕೀಟಲೆ ಎಂದು ಸಿಟ್ಟು ನೆತ್ತಿಗೇರಿತು. ಕರೆದವನು ಬಾಯಿಯಲ್ಲಿ ಕಾಲ್‌ಸೈನ್ ಹೇಳಿರಲೂ ಇಲ್ಲ. ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ನಾನು ಒಂದು ಮಾತೂ ಆಡದೆ ಬಟನ್ ಬಿಟ್ಟೆ. ಮತ್ತೆ ಸ್ವರ ಬರಲಿಲ್ಲ.

ಇಳಿದು ಡಿಕ್ಕಿ ತೆಗೆದು ನೋಡಿದೆ. ಎರಡು ಪೇಪರಿನ ಪೊಟ್ಟಣಗಳೂ ಇಟ್ಟಲ್ಲೇ ಇದ್ದವು. ಬೆಳ್ತಂಗಡಿ ತಲುಪಿದ ಮೇಲೆ ಹಮೀದಾಕರ ಮೊಬೈಲಿಗೆ ಒಮ್ಮೆ ಫೋನ್ ಮಾಡಿದೆ, ಎತ್ತಲಿಲ್ಲ. ಜುಮಾ ನಮಾಜಿಗೆ ಹೊರಟಿರಬೇಕು ಅಂದುಕೊಂಡೆ. ಎರಡನೆಯ ಸಲ ಮಾಡಲಿಲ್ಲ. ಹೋಟೆಲಿಗೆ ಹೋಗಿ ಬಂಗುಡೆ ಮೀನಿನ ಸಾರಿನಲ್ಲಿ ಹೊಟ್ಟೆ ತುಂಬ ಊಟ ಮಾಡಿದೆ.

ಸಂಜೆ ಅವರ ಹೆಂಡತಿಯ ಫೋನ್ ಬಂತು. ಮನೆಯವರೆಲ್ಲ ಮಗಳ ಮನೆಗೆ ಹೋಗಿದ್ದಾಗ ಹಮೀದಾಕ ಆಂಟೆನಾದ ಕಂಬ ಸರಿಮಾಡಲೆಂದು ಒಬ್ಬರೇ ತಾರಸಿ ಹತ್ತಿದ್ದಾರೆ. ಕಬ್ಬಿಣದ ಕಂಬ ಬುಡಸಮೇತ ಮಗುಚಿ ಬಲಗಾಲಿನ ಮೇಲೆ ಬಿದ್ದಿದೆ. ಮೊಬೈಲು ಕೆಳಗೆ ಅಡುಗೆಮನೆಯಲ್ಲಿ. ಜುಮಾದಲ್ಲಿ ಅವರನ್ನು ಕಾಣಲಿಲ್ಲವೆಂದು ಪಕ್ಕದ ಅಂಗಡಿಯವರು ಹುಡುಕಿಕೊಂಡು ಬರುವವರೆಗೆ, ಮೂರು ಗಂಟೆಗಿಂತ ಹೆಚ್ಚು ಹೊತ್ತು, ಬಿಸಿಲಿನಲ್ಲಿ ಬಿದ್ದಿದ್ದರು. ಕಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು. ಬೇಗ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದ ಮಾತನ್ನು ಅವರ ಹೆಂಡತಿ ಆಸ್ಪತ್ರೆಯಲ್ಲಿ ನನ್ನ ಎದುರಿಗೇ ಹೇಳಿ ಅತ್ತರು. ನನಗೆ ಅವರ ಮುಖ ನೋಡಲಾಗಲಿಲ್ಲ.

ನನ್ನ ರೇಡಿಯೋದ ಕರೆಗಳ ಪಟ್ಟಿಯಲ್ಲಿ ಆ ರಾತ್ರಿಯವರೆಗೂ ಅವರ ಕಾಲ್‌ಸೈನ್, ಗಂಟೆ ನಿಮಿಷದ ಸಮೇತ ಇತ್ತು. ಹೊಸ ಕರೆಗಳು ಬಂದಂತೆ ಹಳೆಯವು ಅಳಿಯುತ್ತವೆ, ಅದೂ ಅಳಿಯಿತು. ಬೇರೆ ಯಾರಾದರೂ ಅವರ ನಂಬರ್ ತುಂಬಿಸಿಕೊಂಡಿದ್ದಾರೆಯೇ ಎಂದು ಗುರುತಿನ ಹ್ಯಾಮ್‌ಗಳನ್ನೆಲ್ಲ ವಿಚಾರಿಸಿದೆ. ಯಾರೂ ಇರಲಿಲ್ಲ. ಇದ್ದರೂ ಅದೇ ಹೊತ್ತಿಗೆ ಅದೇ ಮಾತು ಯಾಕೆ ಆಡಬೇಕು?

ಅದೇ ಮಾತು ಎಂದು ತಿಳಿದದ್ದು ತಿಂಗಳಾದ ಮೇಲೆ. ನೋಡಲು ಹೋಗಿದ್ದೆ. ಹಮೀದಾಕ ಚಹಾ ತರಿಸಿ, ಬೇರೆ ಯಾರದೋ ಸಂಗತಿ ಹೇಳುವವರ ಹಾಗೆ ಹೇಳಿದರು: "ಸೆಟ್ಟು ನಿಮ್ಮಲ್ಲಿ ಉಂಟು ಅಂತ ಗೊತ್ತುಂಟು. ಆದ್ರೂ ನನ್ನ ಅಭ್ಯಾಸ ನೋಡಿ, ಬರಿಗೈಯನ್ನೇ ಬಾಯಿಯ ಹತ್ತಿರ ಹಿಡಿದು ಕರೆದೆ. ಯಾರಾದ್ರೂ ಇದ್ದೀರಾ, ಮೇಲೆ ಇದ್ದೇನೆ, ಮೇಲೆ ಬನ್ನಿ ಅಂತ. ನೋವಿನಲ್ಲಿ ಕಾಲ್‌ಸೈನ್ ಸಹ ಮರೆತುಹೋಯ್ತು. ಯಾರೋ ಒಬ್ಬರಿಗೆ ಕೇಳಿತು ಮಾರಾಯ್ರೆ. ಬಟನ್ ಒತ್ತಿದ್ರು. ಇಂಡಿಕೇಟರ್ ಟಿಕ್ ಟಿಕ್ ಅಂತ ಇತ್ತು. ಒಂದು ಬಸ್ಸಿನ ಹಾರ್ನೂ ಕೇಳಿತು. ಈಗ ಮಾತಾಡ್ತಾರೆ, ಈಗ ಮಾತಾಡ್ತಾರೆ ಅಂತ ಕಾದೆ. ಬಿಟ್ಟುಬಿಟ್ರು."

"ಬಿಸಿಲಿಗೆ ಹಾಗೆ ಅನಿಸಿರಬೇಕು" ಎಂದೆ.

"ಹಾಗೇ ಇರಬೇಕು" ಎಂದು ಅವರು ಚಹಾ ಕುಡಿದರು.

ವೇಣೂರಿನ ಆಚೆ ನಿಂತಿದ್ದ ನನ್ನ ಕಾರಿನ ಶಬ್ದ ವಿಟ್ಲದ ತಾರಸಿಯ ಮೇಲೆ ಬರಿಗೈಯಲ್ಲಿ ಬಿದ್ದಿದ್ದ ಮನುಷ್ಯನಿಗೆ ಹೇಗೆ ಕೇಳಿತು, ಅವರ ಕೂಗು ನನ್ನ ಸೆಟ್ಟಿಗೆ ಯಾವ ದಾರಿಯಿಂದ ಬಂತು, ನನಗೆ ಇವತ್ತಿಗೂ ತಿಳಿಯದು. ಬಟನ್ ಒತ್ತಿ ಬಿಟ್ಟವನು ನಾನೇ ಎಂದು ಅವರಿಗೆ ಹೇಳುವ ಧೈರ್ಯವೂ ಬಂದಿಲ್ಲ. ಆಸ್ಪತ್ರೆಗೆ ಅವರನ್ನು ನಾನೇ ನನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಅವರು ಪಕ್ಕದ ಸೀಟಿನಲ್ಲಿ ಇರುವಷ್ಟು ಹೊತ್ತು ಇಂಡಿಕೇಟರ್ ಮುಟ್ಟುವುದಿಲ್ಲ. ತಿರುವು ಬಂದರೆ ಗಾಜು ಇಳಿಸಿ, ಮಳೆಯಿದ್ದರೂ ಕೈ ಹೊರಗೆ ಚಾಚಿ ಸನ್ನೆ ಮಾಡುತ್ತೇನೆ. ಹಮೀದಾಕ ನನ್ನ ಒದ್ದೆ ತೋಳನ್ನು ನೋಡುತ್ತಾರೆ. ಯಾಕೆಂದು ಒಮ್ಮೆಯೂ ಕೇಳಿಲ್ಲ.