ದೇವಿಗೆ ಕಣ್ಣು ಮಾಡಲು ಹೋದದ್ದು

ಹೋದ ಊರಲ್ಲೆಲ್ಲ ಏನಾದರೊಂದು ಕಲಿತು ಬರುವುದು ನನ್ನ ಚಟ. ಬೇರೆಯವರು ಪ್ರವಾಸ ಹೋದರೆ ಗುಡಿ ನೋಡುತ್ತಾರೆ, ಸೀರೆ ಕೊಳ್ಳುತ್ತಾರೆ. ನಾನು ಯಾರಾದರೂ ಕೈಕೆಲಸ ಮಾಡುತ್ತಿದ್ದರೆ ಅವರ ಪಕ್ಕ ಹೋಗಿ ಕೂತು, 'ಸ್ವಲ್ಪ ನನಗೂ ಕೊಡಿ' ಅನ್ನುತ್ತೇನೆ. ಹೀಗೆ ಒಂದು ಊರಲ್ಲಿ ಮಡಕೆ ಮಾಡಿದ್ದೇನೆ, ಒಂದು ಊರಲ್ಲಿ ಸೋಪು ಕಾಯಿಸಿದ್ದೇನೆ, ಇನ್ನೊಂದರಲ್ಲಿ ಬುಟ್ಟಿ ಹೆಣೆದಿದ್ದೇನೆ. ಮಡಕೆಯಲ್ಲಿ ನೀರು ನಿಲ್ಲುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಬುಟ್ಟಿಗೆ ಹಾಕಿದ ನಿಂಬೆಹಣ್ಣು ತಳದಿಂದ ಹೊರಟುಹೋಗುತ್ತದೆ. 'ನಿನ್ನ ವಿದ್ಯೆಯೆಲ್ಲ ಅಟ್ಟದ ಮೇಲಿದೆ, ಅಲ್ಲಿ ಇನ್ನು ಜಾಗವಿಲ್ಲ' ಎಂದು ನನ್ನ ಗಂಡ ಹೇಳುತ್ತಾನೆ. ಅವನಿಗೆ ಹೊಟ್ಟೆಕಿಚ್ಚು.

ಹೋದ ಚಳಿಗಾಲದಲ್ಲಿ ಮೈಸೂರಿನಿಂದ ರಬಕವಿಗೆ, ಹಾಸ್ಟೆಲ್ ಕಾಲದ ಗೆಳತಿಯ ಮನೆಗೆ ಹೋದೆ. ಅವಳು ಸೇರಿದ್ದು ನೇಕಾರರ ಮನೆ. ಹಿತ್ತಲಿನಲ್ಲೇ ಮಗ್ಗಗಳು. ಸೀರೆ ನೇಯುವುದನ್ನು ಕಲಿಯಬೇಕೆಂದೇ ನಾನು ಹೋದದ್ದು. ಮೊದಲ ದಿನವೇ ಕೈಮಗ್ಗದ ಮೇಲೆ ಕೂತು, ಕಾಲಿನಿಂದ ಏನನ್ನೋ ಒತ್ತಿದೆ, ಕೈಯಿಂದ ಏನನ್ನೋ ಎಳೆದೆ. ಪಟಪಟ ಎಂದು ಒಂದಷ್ಟು ಎಳೆಗಳು ಹರಿದವು. ಅವನ್ನು ಹುಡುಕಿ ಹುಡುಕಿ ಗಂಟು ಹಾಕುವಷ್ಟರಲ್ಲಿ ನೇಕಾರನಿಗೆ ಸಂಜೆಯಾಯಿತು.

'ನೀ ಇನ್ನ ಈ ಕಡಿಗೆ ಹಾಯಬ್ಯಾಡ. ಅಡಿಗಿ ಮನ್ಯಾಗ ಕುಂತು ರೊಟ್ಟಿ ತಿನ್ನು, ಅದೊಂದು ಬರತೈತಿ ನಿನಗ' ಎಂದು ಗೆಳತಿ ಹಿತ್ತಲ ಬಾಗಿಲು ಹಾಕಿಬಿಟ್ಟಳು.

ಹೀಗೆ ಕೆಲಸ ಕಳೆದುಕೊಂಡು ಕೂತಿದ್ದಾಗ ನಾನು ಅವಳ ಅತ್ತೆಯ ಕಣ್ಣಿಗೆ ಬಿದ್ದೆ. ಅಂದರೆ ಎಡಗಣ್ಣಿಗೆ. ಆ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣಿನ ಪೊರೆಯನ್ನು ಒಂದೆರಡು ತಿಂಗಳ ಹಿಂದೆ ಮುಧೋಳದ ಆಸ್ಪತ್ರೆಯಲ್ಲಿ ತೆಗೆಸಿದ್ದರು. ಅಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ತೊಲೆಯ ಮೇಲಿನ ಜೇಡರ ಬಲೆ, ಸೊಸೆಯ ಬಿಳಿಕೂದಲು, ಮಗನ ಹೊಟ್ಟೆ, ಡಬ್ಬಿಯ ತಳದ ಜಿಡ್ಡು, ಎಲ್ಲವೂ ಒಮ್ಮೆಲೇ ಕಾಣತೊಡಗಿದ್ದವು. 'ಇಷ್ಟ ದಿನಾ ಇವನ್ನೆಲ್ಲಾ ನನಗ ಮುಚ್ಚಿ ಇಟ್ಟಿದ್ರಿ' ಎಂದು ದಿನವೂ ಒಂದು ಜಗಳ.

ಬಲಗಣ್ಣಿಗೆ ಸೋಮವಾರ ಬರಲು ಡಾಕ್ಟರು ಹೇಳಿದ್ದರು. ಪೊರೆ ಬಲಿತಿದೆ, ಇನ್ನು ತಡಮಾಡಬೇಡಿ ಎಂದು ಗದರಿಸಿಯೂ ಇದ್ದರು. ಯಾಕೆಂದರೆ ಅಜ್ಜಿ ಈಗಾಗಲೇ ತಪ್ಪಿಸಿಕೊಳ್ಳುವುದರಲ್ಲಿ ಪಳಗಿದ್ದರು. ಒಂದು ಸಲ ಅಮಾವಾಸ್ಯೆ ಎಂದರು, ಒಂದು ಸಲ ಹಲ್ಲಿ ನುಡಿಯಿತು ಎಂದರು, ಇನ್ನೊಂದು ಸಲ ಮಂಚದ ಕೆಳಗೆ ಬೆಕ್ಕು ಮರಿ ಹಾಕಿದೆ, ಬಾಣಂತಿಯನ್ನು ಬಿಟ್ಟು ಹೇಗೆ ಬರಲಿ ಎಂದರು. ಈಗ ಹೊಸದೊಂದು ಹುಟ್ಟಿತ್ತು, ಹರಕೆ. ಎಡಗಣ್ಣು ಚೆನ್ನಾದರೆ ಚಿಮ್ಮಡದ ದಾರಿಯ ದೇವಿಗೆ ಬೆಳ್ಳಿ ಕಣ್ಣು ಏರಿಸುತ್ತೇನೆಂದು ಬೇಡಿಕೊಂಡಿದ್ದರಂತೆ. ಅದೂ ತವರಿನಿಂದ ತಂದ ತಮ್ಮ ಕಾಲ್ಗಡಗವನ್ನು ಕರಗಿಸಿ.

'ಆಕಿಗೆ ಕಣ್ಣ ಏರಸೂತನಕ ನಾ ಆಸ್ಪತ್ರಿ ಮೆಟ್ಟಿಲಾ ಹತ್ತೂದಿಲ್ಲ' ಎಂದು ಅಜ್ಜಿ ಪಟ್ಟು ಹಿಡಿದರು.

'ಇದೊಂದು ಮುಗದ್ರ ಇವರ ಕಡೆ ಬ್ಯಾರೆ ನೆವಾ ಉಳಿಯೂದಿಲ್ಲ' ಎಂದು ಗೆಳತಿ ನನ್ನ ಕಿವಿಯಲ್ಲಿ ಹೇಳಿದಳು. 'ಶುಕ್ರವಾರ ದೇವಿಗೆ ಕಣ್ಣು, ಸೋಮವಾರ ಅತ್ತಿಗೆ ಕಣ್ಣು.'

ಜಮಖಂಡಿಯಲ್ಲಿ ಅವರ ಮನೆಗೆ ಬೆಳ್ಳಿ ಬಂಗಾರ ಮಾಡಿಕೊಡುವ ಪತ್ತಾರರಿದ್ದರು. ಅವರಿಗೆ ಫೋನು ಮಾಡಿದಾಗ, 'ಲಗ್ನದ ಸೀಜನ್ರಿ, ತಲಿ ಕೆರಕೊಳ್ಳಾಕ ಟೈಮ್ ಇಲ್ಲ. ಶುಕ್ರವಾರ ನಸಕಿನ್ಯಾಗ ನಾನ ಬೀಳಗಿಗೆ ಲಗ್ನಕ್ಕ ಹೊಂಟೇನಿ. ಯಾರರೆ ಬಂದು ಕುಂತು ಬಡದು ಕೊಟ್ರ ಆಕ್ಕೈತಿ ನೋಡ್ರಿ' ಎಂದರು. ಅದು ಫೋನಿಡಲು ಆಡಿದ ಮಾತು. ಆದರೆ ನಾನು ಪಕ್ಕದಲ್ಲೇ ಇದ್ದೆ. 'ನಾನು ಬರುತ್ತೇನೆ!' ಎಂದು ಕೂಗಿದ್ದು ಜಮಖಂಡಿಯವರೆಗೂ ಕೇಳಿರಬೇಕು.

ಮರುದಿನ ಬಸ್ಸು ಹತ್ತಿದೆ. ಕಬ್ಬು ಕಡಿಯುವ ಕಾಲ. ಮುಂದೆ ಎರಡು ಗಾಡಿ ಕಟ್ಟಿಕೊಂಡ ಟ್ರ್ಯಾಕ್ಟರು ರಸ್ತೆಯ ಅಗಲಕ್ಕೂ ಹೋಗುತ್ತಿತ್ತು, ಹಿಂದೆ ನಾವು. ಪತ್ತಾರರು ಅರವತ್ತು ದಾಟಿದವರು. ಮೀಸೆಗೆ ಕಪ್ಪು ಬಣ್ಣ, ಬೆರಳಿಗೆ ಉಂಗುರ. ಕಣ್ಣಿಗೆ ಮಾತ್ರ ಕನ್ನಡಕವಿಲ್ಲ. ಅದು ಬೇಕಾಗಿತ್ತು ಎಂಬುದು, ಅವರು ನನ್ನನ್ನು ಹಳೆಯ ಗಿರಾಕಿ ಎಂದುಕೊಂಡು 'ಮೊಮ್ಮಗ ಹೆಂಗದಾನ್ರಿ?' ಎಂದು ಕೇಳಿದಾಗಲೇ ತಿಳಿಯಿತು.

'ಕನ್ನಡಕ ಹಾಕಿಕೊಳ್ಳುವುದಿಲ್ಲವೇ?' ಎಂದೆ.

'ಪತ್ತಾರಗ ಚಸ್ಮಾ ಬಂತು ಅಂದ್ರ ಗಿರಾಕಿ ಮುಂದಿನ ಅಂಗಡಿಗೆ ಹೊಕ್ಕಾರ್ರಿ ಅಕ್ಕಾರ' ಎಂದು ಹೇಳಿ, ಕಾಲ್ಗಡಗವನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು.

ಮೊದಲು ಬೆಳ್ಳಿ ಕರಗಿಸಬೇಕು. ಗ್ಯಾಸಿನ ಉರಿಯಿತ್ತು, ಆದರೆ ಕಲಿಯಲು ಬಂದವರು ಹಳೆಯ ಪದ್ಧತಿಯಲ್ಲೇ ಕಲಿಯಬೇಕೆಂದು ಇದ್ದಿಲ ಒಲೆ ಹೊತ್ತಿಸಿ, ಊದುವ ಕೊಳವೆ ನನ್ನ ಕೈಗೆ ಕೊಟ್ಟರು. ನಾನು ಬಾಯಿಗಿಟ್ಟುಕೊಂಡು, ಎದೆ ತುಂಬ ಗಾಳಿ ಬೇಕಲ್ಲ ಎಂದು ಕೊಳವೆಯಿಂದಲೇ ಜೋರಾಗಿ ಎಳೆದುಕೊಂಡೆ. ಬೂದಿಯೆಲ್ಲ ಗಂಟಲಿಗೆ ಬಂತು. ಆಮೇಲೆ ಕೆಮ್ಮಿದ ಕೆಮ್ಮಿಗೆ ಒಲೆಯಲ್ಲಿ ಉಳಿದಿದ್ದ ಬೂದಿ ಎದ್ದು ಪತ್ತಾರರ ಮೀಸೆಯ ಮೇಲೆ ಕೂತಿತು. ಒಂದು ಕ್ಷಣದಲ್ಲಿ ಅವರ ನಿಜವಾದ ವಯಸ್ಸು ಕಂಡಿತು.

'ಊದೂದು ಅಂದ್ರ ಉಸರ ಹೊರಗ ಬಿಡೂದ್ರಿ' ಎಂದು ಮೀಸೆ ಒರೆಸಿಕೊಂಡರು. 'ಸಣ್ಣ ಕೂಸಿಗೂ ಗೊತ್ತಿರತೈತಿ.'

ಕೊನೆಗೆ ಅವರೇ ಊದಿದರು. ಕಾಲ್ಗಡಗ ಕೆಂಪಾಗಿ, ಮೆತ್ತಗಾಗಿ, ಕುಸಿದು, ಮೂಸೆಯೊಳಗೆ ಒಂದು ಹೊಳೆಯುವ ಹನಿಯಾಗಿ ನಡುಗಿತು. ಹೆಣ್ಣುಮಗಳೊಬ್ಬಳು ತವರು ಬಿಟ್ಟು ಬರುವಾಗ ಕಾಲಲ್ಲಿ ಇದ್ದದ್ದು ಅದು. ನನಗೆ ಸಂಕಟವಾಯಿತು, ಭಯವೂ ಆಯಿತು. ಮಡಕೆ ಕೆಟ್ಟರೆ ಇನ್ನಷ್ಟು ಮಣ್ಣು ಸಿಗುತ್ತದೆ, ಇದು ಹಾಗಲ್ಲ. ಪತ್ತಾರರು ಅದನ್ನು ಗಟ್ಟಿ ಮಾಡಿ, ಬಡಿದು, ಮಷೀನಿನ ಉರುಳೆಗಳ ನಡುವೆ ಎಳೆದು ತೆಳ್ಳಗಿನ ತಗಡು ಮಾಡಿ ನನ್ನ ಮುಂದಿಟ್ಟರು.

'ಇನ್ನ ಕಾಗದದ ಮ್ಯಾಲೆ ಒಂದ್ ಕಣ್ಣ ಬರೀರಿ.'

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ನಾನು ಆ ಒಂದು ಕಣ್ಣಿಗೆ ಇಡೀ ಮಧ್ಯಾಹ್ನ ತೆಗೆದುಕೊಂಡೆ. ಬರೆದೆ, ಅಳಿಸಿದೆ, ಗೋಡೆಯ ಕ್ಯಾಲೆಂಡರಿನ ದೇವರನ್ನೆಲ್ಲ ನೋಡಿದೆ. ಕಡೆಗೆ ಒಂದು ಬಂತು. ಮೂಗಿನ ಕಡೆ ಚೂಪಾಗಿ ಶುರುವಾಗಿ, ನಡುವೆ ತುಂಬಿಕೊಂಡು, ಕಿವಿಯ ಕಡೆಗೆ ಉದ್ದವಾದ ಬಾಲ. ಮೇಲೆ ಅದಕ್ಕೇ ಅಂಟಿಕೊಂಡಂತೆ ಹುಬ್ಬು. ಎಷ್ಟು ಚೆಂದವಿತ್ತೆಂದರೆ ನನಗೇ ನನ್ನ ಮೇಲೆ ಗೌರವ ಬಂತು. ಪತ್ತಾರರು ಮೂಗಿಗೆ ಹಿಡಿದು, 'ಭಾರಿ ಆಗೇತಿ! ಇದನ್ನ ಇಟಗೊಂಡು ಎರಡ ಕತ್ತರಸ್ರಿ' ಎಂದವರೇ ಫೋನು ಬಂತೆಂದು ಹೊರಗೆ ಹೋದರು. ಎರಡು ಕತ್ತರಿಸಲು ಹೇಳಿದರು, ಎರಡು ಕತ್ತರಿಸಿದೆ.

ಮಾರನೆಯ ದಿನ ತಗಡನ್ನು ಬಿಸಿ ಅರಗಿನ ಮೇಲೆ ಕೂರಿಸಿ, ಮೊಂಡ ಉಳಿಯಿಂದ ಬಡಿದು ರೆಪ್ಪೆ, ಗುಡ್ಡೆ, ಹುಬ್ಬಿನ ಕೂದಲು ಎಬ್ಬಿಸಿದೆ. ಉಳಿಗೆ ಬಿದ್ದಷ್ಟೇ ಪೆಟ್ಟು ನನ್ನ ಹೆಬ್ಬೆರಳಿಗೂ ಬಿತ್ತು. ಮಗಳಿಗೆ ಕಾಲುಂಗುರ ಕೊಳ್ಳಲು ಬಂದ ಹೆಂಗಸೊಬ್ಬಳು ನನ್ನನ್ನು ಕಂಡು, 'ಹೊಸಾ ಕೆಲಸದಾಕಿ ಏನ್ರಿ?' ಎಂದಳು. 'ಮೈಸೂರಿಂದ ತರಿಸೇನಿ' ಎಂದರು ಪತ್ತಾರರು, ಎದೆಯುಬ್ಬಿಸಿ. ಅವಳು ಬಗ್ಗಿ ನನ್ನ ಕಿವಿಯಲ್ಲಿ, 'ಪಗಾರ ಛಲೋ ಕೊಡತಾರೇನವಾ?' ಎಂದು ಕೇಳಿದಳು. ನಾನು ಹೆಬ್ಬೆರಳು ಬಾಯಲ್ಲಿಟ್ಟುಕೊಂಡಿದ್ದರಿಂದ ಉತ್ತರ ಕೊಡಲಾಗಲಿಲ್ಲ.

ಸಂಜೆ ಪತ್ತಾರರು ಒಂದೊಂದು ಕಣ್ಣನ್ನೂ ಅಂಟುವಾಳದ ನೀರಿನಲ್ಲಿ ತಿಕ್ಕಿ ತೊಳೆದು, ಮೂಗಿಗೆ ಹಿಡಿದು 'ಶಾಬಾಸ್' ಎಂದು, ಬೇರೆ ಬೇರೆಯಾಗಿ ಗುಲಾಬಿ ಕಾಗದದಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ಕೂತು ಒಂದನ್ನು ಬಿಚ್ಚಿ ಫೋಟೊ ತೆಗೆದು ಗಂಡನಿಗೆ ಕಳಿಸಿದೆ. ಚೆನ್ನಾಗಿದೆ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. 'ಇನ್ನೊಂದು?' ಎಂದು ಬರೆದ. 'ಅದೂ ಥೇಟ್ ಹೀಗೇ ಇದೆ' ಎಂದು ಹೆಮ್ಮೆಯಿಂದ ಉತ್ತರಿಸಿದೆ.

ಶುಕ್ರವಾರ ಬೆಳಿಗ್ಗೆ ಗೆಳತಿ ಹಿತ್ತಾಳೆ ತಟ್ಟೆಯಲ್ಲಿ ಕುಂಕುಮ, ಹೂವು ಇಟ್ಟು, ಎರಡು ಪೊಟ್ಟಣಗಳನ್ನೂ ಬಿಚ್ಚಿ ಕಣ್ಣುಗಳನ್ನು ಜೋಡಿಸಿದಳು. ಆಮೇಲೆ ಆಚೀಚೆ ಮಾಡಿದಳು. ಮತ್ತೆ ಆಚೀಚೆ ಮಾಡಿದಳು.

'ಲೇ, ಇವು ಎರಡೂ ಎಡಗಣ್ಣ ಅದಾವು.'

ನೋಡಿದೆ. ಖರೆ. ಒಂದೇ ಕಾಗದವನ್ನು ತಿರುವಿ ಹಾಕದೆ ಎರಡು ಸಲ ಇಟ್ಟು ಗೆರೆ ಎಳೆದಿದ್ದೆ. ಎರಡರ ಬಾಲವೂ ಎರಡರ ಹುಬ್ಬೂ ಒಂದೇ ಕಡೆಗೆ. ಬಲಗಡೆ ಇಟ್ಟರೆ ಬಾಲ ಕಿವಿಯ ಕಡೆ ಹೋಗುವ ಬದಲು ಮೂಗಿನೊಳಗೆ ಹೋಗುತ್ತಿತ್ತು. ಮಗುಚಿ ಹಾಕಿದರೆ ಉಬ್ಬು ಹೋಗಿ ತಗ್ಗು ಕಾಣುತ್ತಿತ್ತು. ತಲೆಕೆಳಗು ಮಾಡಿದರೆ ಹುಬ್ಬು ಕೆನ್ನೆಯ ಮೇಲೆ ಬರುತ್ತಿತ್ತು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಪತ್ತಾರರಿಗೆ ಫೋನು ಹಚ್ಚಿದೆ. ಹಿಂದೆ ಬ್ಯಾಂಡು ಕಿವಿ ಒಡೆಯುವಂತೆ ಬಾರಿಸುತ್ತಿತ್ತು.

'ಎಡಾ ಬಲಾ ನೋಡಿ ಕತ್ತರಸ್ರಿ ಅಂತ ನಾ ಹೇಳಿರಲಿಲ್ಲೇನ್ರಿ ಅಕ್ಕಾರ?'

'ಹೇಳಿರಲಿಲ್ಲ!'

'ಹಂಗಾರ ಹೇಳೂದು ಮರತಿರಬೇಕು ಬಿಡ್ರಿ. ಅಕ್ಕಿಕಾಳ ಹಾಕಾಕತ್ತಾರ, ಇಡತೇನಿ.'

ಗೆಳತಿ ಹಣೆ ಹಿಡಿದು ಕೂತಳು. ಅವಳ ಚಿಂತೆ ದೇವಿಯದಲ್ಲ, ಅತ್ತೆಯದು. ಹಲ್ಲಿ ನುಡಿದರೆ ಆಸ್ಪತ್ರೆ ಬಿಡುವವರು, ದೇವಿಗೆ ಬಲಗಣ್ಣೇ ಇಲ್ಲ ಎಂದರೆ ಬಿಡುತ್ತಾರೆಯೇ? ಬಲಗಣ್ಣಿನ ಆಪರೇಷನ್ ಬೇಡವೆಂದು ದೇವಿಯೇ ಹೇಳಿದಳು ಎಂದುಬಿಡುತ್ತಾರೆ. ಆ ಕಣ್ಣು ಹೋದರೆ ಹೋದದ್ದೇ. ಪೇಟೆಯಿಂದ ಬೇರೆ ಜೋಡಿ ತರೋಣವೆಂದರೆ ಹರಕೆ ಕಾಲ್ಗಡಗದ ಬೆಳ್ಳಿಯದು. ಅಷ್ಟರಲ್ಲಿ ಅಜ್ಜಿ ಇಳಕಲ್ ಸೀರೆ ಉಟ್ಟು, ಕಪ್ಪು ಕನ್ನಡಕ ಏರಿಸಿ ಬಾಗಿಲಿಗೆ ಬಂದು, 'ನಡೀರಿ, ಆಟೋ ಬಂದೈತಿ' ಎಂದರು. ಗೆಳತಿ ತಟ್ಟೆಯ ಮೇಲೆ ಸೆರಗು ಮುಚ್ಚಿದಳು.

ಆಟೋದಲ್ಲಿ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಜ್ಜಿ ಬಿಡಬೇಕಲ್ಲ. ಕಬ್ಬಿನ ಗರಿ ಎಣಿಸುತ್ತಿದ್ದರು, ದಾರಿಯಲ್ಲಿ ಹೋಗುವವರ ಅಂಗಿಯ ಗುಂಡಿ ಹರಿದದ್ದನ್ನು ತೋರಿಸುತ್ತಿದ್ದರು. ಊರು ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

'ಯವ್ವಾ, ಸೊಸಿ ಮುಂದ ಹೇಳಬ್ಯಾಡ' ಎಂದು ಸಣ್ಣ ದನಿಯಲ್ಲಿ ಹೇಳಿದರು. ಸೊಸೆ ಅವರ ಇನ್ನೊಂದು ಪಕ್ಕದಲ್ಲೇ ಕೂತಿದ್ದಳು. 'ಅವತ್ತ ಸೂಜಿ ಕಂಡ ಕೂಡ್ಲೆ ನನ್ನ ಜೀವಾನ ಹೋಗಿತ್ತು. ಬೆಕ್ಕು ಗಿಕ್ಕು ಏನಿಲ್ಲ. ನನಗ ಹೆದರಿಕಿ ಆಗತೈತಿ.'

ಸೊಸೆ ಹೊರಗೆ ನೋಡುತ್ತಾ ಏನೂ ಕೇಳದವಳಂತೆ ಕೂತಳು. ನಾನು ಹೇಳಬೇಕೆಂದಿದ್ದನ್ನು ಬಿಟ್ಟು ಅಜ್ಜಿಯ ಕೈಯನ್ನು ಉಜ್ಜಿ ಬೆಚ್ಚಗೆ ಮಾಡತೊಡಗಿದೆ.

ಗುಡಿ ಚಿಕ್ಕದು. ಪೂಜಾರಿ ಕಣ್ಣುಗಳ ಹಿಂದೆ ಮೇಣ ಹಚ್ಚಿದರು. ಎಡಗಣ್ಣು ದೇವಿಯ ಮುಖದ ಮೇಲೆ ಎಷ್ಟು ಚೆನ್ನಾಗಿ ಕೂತಿತೆಂದರೆ ನಾನು ಕ್ಷಣಕಾಲ ಎಲ್ಲ ಮರೆತೆ. ಎರಡನೆಯದನ್ನು ಹಿಡಿದು ಪೂಜಾರಿ ಒಮ್ಮೆ ತಿರುಗಿಸಿದರು, ಒಮ್ಮೆ ಮಗುಚಿದರು, ನಮ್ಮನ್ನು ನೋಡಿದರು. ಆಮೇಲೆ ಬಂದದ್ದು ಬರಲಿ ಎಂದು ಒತ್ತಿ ಪಕ್ಕಕ್ಕೆ ಸರಿದರು. ದೇವಿ ಒಂದು ಕಣ್ಣಿನಿಂದ ನಮ್ಮನ್ನು ಶಾಂತವಾಗಿ ನೋಡುತ್ತಿದ್ದಳು. ಇನ್ನೊಂದರಿಂದ ತನ್ನದೇ ಮೂಗನ್ನು ಅನುಮಾನದಿಂದ ನೋಡುತ್ತಿದ್ದಳು. ನನಗೆ ನಗು ಉಕ್ಕಿತು. ಗೆಳತಿ ಚಿವುಟಿದಳು. ಅಜ್ಜಿ ಕಪ್ಪು ಕನ್ನಡಕ ತೆಗೆದದ್ದನ್ನು ಕಂಡೊಡನೆ ನಗು ನಿಂತಿತು.

'ಅಜ್ಜಿ, ತಪ್ಪು ನನ್ನದು' ಎಂದೆ. 'ಎರಡೂ ಎಡಗಣ್ಣೇ ಮಾಡಿಬಿಟ್ಟೆ. ದೇವಿಯದೇನೂ ಇಲ್ಲ ಇದರಲ್ಲಿ. ನಿಮ್ಮ ಬೆಳ್ಳಿ ಕೆಡಿಸಿದೆ.'

ಅಜ್ಜಿ ಗರ್ಭಗುಡಿಯ ಹೊಸ್ತಿಲವರೆಗೆ ಹೋದರು. ಅಂಗೈಯಿಂದ ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಅವರ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾರೆಂದು ಗೆಳತಿ ಹತ್ತಿರ ಓಡಿದಳು. ಅಜ್ಜಿ ನಗುತ್ತಿದ್ದರು, ಹಲ್ಲಿಲ್ಲದ ಬಾಯಿ ತುಂಬ.

'ನೋಡಲೇ, ಆಕಿಗೂ ನನ್ನಂಗ! ಎಡಗಣ್ಣ ಛಲೋ ಐತಿ, ಬಲಗಣ್ಣಿಂದ ತಕರಾರ!'

ಪೂಜಾರಿ, ಆ ಕಣ್ಣು ತೆಗೆದುಕೊಡುತ್ತೇನೆ, ಸರಿ ಮಾಡಿಸಿ ತನ್ನಿ ಎಂದು ಕೈ ಚಾಚಿದರು. ಅಜ್ಜಿ ತಡೆದರು. 'ಇರಲಿ ಬಿಡ್ರಿ. ಸೋಮವಾರ ಮುಧೋಳಕ್ಕ ಹೋಗಿ ನಂದು ಮಾಡಿಸಿಕೊಂಡು ಬರತೇನಿ. ಆಮ್ಯಾಲ ಆಕೀದು ಪತ್ತಾರಗ ಕೊಡೂಣು.'

ಗೆಳತಿ ತಟ್ಟೆಯನ್ನು ನನ್ನ ಕೈಗೆ ತುರುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅಜ್ಜಿ ಕೈ ಮುಗಿದರು. ನಾವು ಹೊರಟೆವೆಂದುಕೊಂಡೆ, ಅವರು ಹೊರಡಲಿಲ್ಲ. ಹೊಸ್ತಿಲ ಮೇಲೆ ಬಗ್ಗಿ, ದೇವಿಗಷ್ಟೇ ಕೇಳುವಂತೆ, ಆದರೆ ನಮಗೂ ಕೇಳಿಸುವಂತೆ ಹೇಳಿದರು.

'ಹೆದರಬ್ಯಾಡ ನಮ್ಮವ್ವಾ. ಮೊದಲ ನಾ ಹೋಗಿ ಬರತೇನಿ. ಇರಿವಿ ಕಡದಂಗ ಆಗತೈತಿ, ಅಷ್ಟ.'