ಬಿಸಿ ಡಬ್ಬಿಯ ಮುಚ್ಚಳ

ಪೋರ್ಚುಗಲ್ಲಿನ ಈ ಕಡಲೂರಿಗೆ ಬಂದ ಮರುದಿನ, ಪ್ರಯೋಗಾಲಯದ ಮುಖ್ಯಸ್ಥೆ ತೆರೆಜಾ ನನ್ನ ಕೈಗೊಂದು ಸೀಸೆ ಕೊಟ್ಟು ‘ಇದು ಉಪ್ಪು’ ಎಂದಳು. ಓರೆ ಮಾಡಿದೆ. ಹರಳೆಣ್ಣೆಯ ಹಾಗೆ ನಿಧಾನಕ್ಕೆ ಸರಿಯಿತು. ನೀರು ಬೆರೆಸಿಲ್ಲ, ಕಾಯಿಸಿಲ್ಲ, ಆದರೂ ಉಪ್ಪು ಹರಿಯುತ್ತಿದೆ! ಶಿಗ್ಗಾಂವದ ಕಾಲೇಜಿನಲ್ಲಿ ಇಂಥ ‘ಅಯಾನಿಕ ದ್ರವ’ಗಳ ಬಗ್ಗೆ ಓದಿ ಅಂಕ ಗಳಿಸಿದ್ದೆ. ಕಣ್ಣಾರೆ ಕಂಡಾಗ ಮಾತ್ರ ಯಾರೋ ಮೋಸ ಮಾಡುತ್ತಿದ್ದಾರೆ ಅನ್ನಿಸಿತು.

ಅಡುಗೆ ಉಪ್ಪಿನ ಕಣಗಳು ಚಿಕ್ಕವು, ದುಂಡಗಿನವು. ಒತ್ತಾಗಿ ಕೂತು ಹರಳಾಗುತ್ತವೆ. ಇದರಲ್ಲಿ ಒಂದು ಕಣ ದೊಡ್ಡದು, ಸೊಟ್ಟ, ಜೊತೆಗೊಂದು ಇಂಗಾಲದ ಬಾಲ ಬೇರೆ. ಸವಣೂರು ಬಸ್ಸಿಗೆ ವೀಳ್ಯದೆಲೆಯ ಬುಟ್ಟಿ ಹೊತ್ತು ಹತ್ತಿದವರ ಹಾಗೆ ಎಲ್ಲಿಯೂ ಸರಿಯಾಗಿ ಕೂರಲಾರದು. ಅದಕ್ಕೇ ದ್ರವ. ಬಾಲ ಉದ್ದವಾದಂತೆ ಕಣಗಳು ಒಂದನ್ನೊಂದು ಹಿಡಿದುಕೊಂಡು ದ್ರವ ಮಂದವಾಗಬೇಕು. ನಾಲ್ಕು, ಆರು, ಎಂಟು ಇಂಗಾಲದ ಬಾಲಗಳ ಮೂರು ದ್ರವಗಳನ್ನು ಒಣಗಿಸಿ ಎಷ್ಟು ಮಂದವೆಂದು ಅಳೆಯುವುದು ನನ್ನ ಕೆಲಸ. ಆರು ತಿಂಗಳ ನೇಮಕ. ಅಳತೆ ಸರಿ ಬಂದರೆ ಮುಂದುವರಿಕೆ, ಇಲ್ಲವಾದರೆ ಊರಿಗೆ ವಾಪಸು.

ಊರೇನೋ ಹಿಡಿಸಿತು. ‘ಕಾಲ್ದು’ ಎಂಬ ಇಲ್ಲಿನ ಸೊಪ್ಪಿನ ಸಾರು ಸಪ್ಪೆ, ಆದರೆ ಅವ್ವ ಕಟ್ಟಿಕೊಟ್ಟ ಗರಿಗರಿ ಸೇವಿನ ಸವಣೂರು ಖಾರ ಉದುರಿಸಿದರೆ ಎರಡು ಬಟ್ಟಲು ಇಳಿಯುತ್ತದೆ. ಭಾಷೆ ಬಾರದ ರವಿವಾರಗಳು ಮಾತ್ರ ಮುಗಿಯುತ್ತಿರಲಿಲ್ಲ.

ಕೆಟ್ಟಿದ್ದು ಅಳತೆ. ಎಂಟರ ದ್ರವ ಆರರದ್ದಕ್ಕಿಂತ ತೆಳ್ಳಗೆ ಬರುತ್ತಿತ್ತು. ಮೂರು ಸಲ ಮಾಡಿದರೂ ಅದೇ. ತೆರೆಜಾ ಬಯ್ಯಲಿಲ್ಲ, ‘ಇನ್ನೊಂದು ವಾರ ನೋಡೋಣ’ ಎಂದಳು. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಸವಣೂರಿನಲ್ಲಿ ಖಾರ ಕರಿದು ಮಾರುವ ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿಕೊಂಡೆ.

“ಬಿಸಿ ಮಾಡಿ ಒಣಗಸ್ತೇನಿ ಯವ್ವಾ, ಆಮ್ಯಾಲ ಆರಾಕ ಬಿಡ್ತೇನಿ.”

“ಬಾಯಿ ತೆರದ?”

“ಮತ್ತ? ಬಿಸಿ ಇದ್ದಾಗ ಮುಚ್ಚಿದ್ರ ಬೆವತು ಮೆತ್ತಗ ಅಕ್ಕೈತಿ ಅಂತ ನೀನ ಕಲಿಸಿದ್ದಲ್ಲ.”

“ಅದು ಖಾರಕ್ಕವ್ವಾ! ನೀ ಮಾಡಾಕತ್ತಿದ್ದು ಉಪ್ಪು ಅಂದಿ. ಉಪ್ಪಿನ ಡಬ್ಬಿ ಯಾರರೆ ತೆರದ ಇಡ್ತಾರೇನ, ಅದೂ ಸಮುದ್ರದ ದಂಡ್ಯಾಗ?”

ಆಗ ಹೊಳೆಯಿತು. ಎಂಟರದ್ದು ಮಂದ, ತಣಿಯಲು ಹೊತ್ತು ಬೇಕೆಂದು ಅದನ್ನು ಮಾತ್ರ ಊಟ ಮುಗಿಸಿ ಬರುವತನಕ ಹಾಗೇ ಬಿಡುತ್ತಿದ್ದೆ. ಅದು ಗಾಳಿಯ ತೇವ ಕುಡಿದು ತೆಳ್ಳಗಾಗುತ್ತಿತ್ತು. ಮರುದಿನ ಬಿಸಿಯಿರುವಾಗಲೇ ಬಿರಡೆ ಬಿಗಿದೆ. ನಾಲ್ಕು, ಆರು, ಎಂಟು ಸಾಲಾಗಿ ಮಂದವಾಗುತ್ತ ಬಂದವು. ನನಗೆ ಕುಣಿಯುವಷ್ಟು ಸಂತೋಷ. ತೆರೆಜಾ ಅಂದೇ ಮುಂದುವರಿಕೆಯ ಕಾಗದಕ್ಕೆ ಸಹಿ ಹಾಕಿದಳು.

ರಜೆಗೆ ಊರಿಗೆ ಹೋದಾಗ ಅವ್ವ ಕರಿದ ಬಿಸಿ ಖಾರವನ್ನು ಡಬ್ಬಿಗೆ ತುಂಬಲು ಕೂತೆ. ಕೈ ತಾನಾಗಿ ಮುಚ್ಚಳ ಬಿಗಿಯಿತು. ಸಂಜೆ ತೆರೆದರೆ ಎಲ್ಲ ಮೆತ್ತಗೆ. ಅವ್ವ ಒಂದೆಳೆ ಬಾಯಿಗೆ ಹಾಕಿಕೊಂಡು ನಕ್ಕಳು.

“ಗಿರಾಕಿಗೆ ಕೊಡಾಕ ಬರಂಗಿಲ್ಲ ಇದು. ನೀನ ಒಯ್ಯಿ. ಅಲ್ಲಿಯವ್ರಿಗೇನ ಗೊತ್ತಾಕ್ಕೈತಿ?”

ಒಯ್ದೆ. ತೆರೆಜಾ ಒಂದು ಹಿಡಿ ತಿಂದು, ‘ನಿಮ್ಮೂರಿನದು ಬಹಳ ರುಚಿ’ ಎಂದು ಇನ್ನೊಮ್ಮೆ ಕೈಚಾಚಿದಳು. ಸವಣೂರು ಖಾರ ಹೀಗೆ ಮೆತ್ತಗಿರುವುದಿಲ್ಲ ಎನ್ನಲು ಬಾಯಿ ತೆರೆದೆ. ಕರಿದವಳು ಅವ್ವ, ಮುಚ್ಚಿದವಳು ನಾನು. ತೆರೆದ ಬಾಯಿಗೆ ನಾನೂ ಒಂದು ಹಿಡಿ ಹಾಕಿಕೊಂಡೆ.