ಶಶಿಕಲಾ ಓದಿಸಿದ ವರ್ನಿಯರ್

ದೀಪಾಂಜಲಿ ನಗರದ ಆ ಅಡ್ಡರಸ್ತೆಯಲ್ಲಿ ಮಿಕ್ಸಿ ಕೆಟ್ಟರೂ ಯುಪಿಎಸ್ ಕೆಟ್ಟರೂ ಜನ ಹೋಗುತ್ತಿದ್ದದ್ದು ಶಶಿಕಲಾ ಮನೆಗೇ. ಡಿಪ್ಲೊಮಾ ಓದಿ, ಹದಿನೈದು ವರ್ಷ ಟಿವಿ ಕಾರ್ಖಾನೆಯೊಂದರಲ್ಲಿ ದುಡಿದು, ಅದು ಬಾಗಿಲು ಹಾಕಿದ ಮೇಲೆ ಮನೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡವಳು. ಕೆಟ್ಟದ್ದು ಕೈಗೆ ಬಂದರೆ ಊಟ ತಿಂಡಿ ನೆನಪಿರುತ್ತಿರಲಿಲ್ಲ. ‘ಗೊತ್ತಿಲ್ಲ’ ಎಂಬ ಮಾತು ಮಾತ್ರ ಆಕೆಯ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಅಷ್ಟು ಜಂಭ ಇತ್ತು, ಇರಲಿ ಬಿಡಿ.

2008ರ ದಸರಾಗೆ ಹದಿನೈದು ದಿನ ಇರುವಾಗ ಎದುರು ಮನೆಯ ತಮ್ಮಣ್ಣ ಬಂದು ಕೂತ. ರಾಜಾಜಿನಗರದ ಶೆಡ್ಡೊಂದರಲ್ಲಿ ಮೂವತ್ತು ವರ್ಷದಿಂದ ಉಕ್ಕು ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನು. ಸಕ್ಕರೆ ಕಾಯಿಲೆ ಈಗ ಕಣ್ಣಿಗೆ ತಗುಲಿತ್ತು. ಅಳತೆ ನೋಡುವ ಡಿಜಿಟಲ್ ವರ್ನಿಯರ್‌ನ ಪುಟ್ಟ ಪರದೆಯಲ್ಲಿ ಮೂರು ಯಾವುದು, ಎಂಟು ಯಾವುದು ತಿಳಿಯದೆ ಹನ್ನೊಂದು ಶಾಫ್ಟ್ ಹಾಳುಮಾಡಿದ್ದ.

“ಹಬ್ಬ ಆದ್ಮೇಲೆ ಶುಕ್ರವಾರ ಹೊಸ ಆರ್ಡರ್ ಶುರು ಕಣಮ್ಮ. ಅವತ್ತೂ ಅಳತೆ ತಪ್ಪಿದ್ರೆ ಲೇತ್ ಬಿಟ್ಟು ಗೇಟಲ್ಲಿ ಕೂತ್ಕೋ ಅಂದವ್ರೆ ಓನರ್ರು. ಕೈ ಇನ್ನೂ ಸರಿಯಾಗೇ ಐತೆ. ಅಂಕಿ ಒಂದು ದೊಡ್ಡದಾಗಿ ಕಂಡ್ರೆ ಸಾಕು.”

“ಮಾಡ್ಕೊಡ್ತೀನಿ ಬಿಡಿ ಅಣ್ಣ,” ಎಂದಳು ಶಶಿಕಲಾ. ಹೇಗೆಂದು ಆಕೆಗೂ ಗೊತ್ತಿರಲಿಲ್ಲ.

ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ, ಪ್ರೋಗ್ರಾಂ ಬರೆದು ಓಡಿಸುವ ಒಂದು ಮೈಕ್ರೋಕಂಟ್ರೋಲರ್ ಬೋರ್ಡ್ ತಂದಳು. ಗುಜರಿಯಲ್ಲಿ ಬ್ಯಾಂಕಿನ ಹಳೆಯ ಟೋಕನ್ ಬೋರ್ಡಿನ ದಪ್ಪ ಕೆಂಪು ದೀಪದ ಅಂಕಿಗಳು ಸಿಕ್ಕವು. ಎರಡನ್ನೂ ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿದಳು. ವರ್ನಿಯರ್‌ನ ತಲೆಯ ಮೇಲೆ ಒಂದು ಕಿಂಡಿ. ಅದರೊಳಗಿನ ತಗಡುಗಳಿಗೆ ತಂತಿ ಮುಟ್ಟಿಸಿದರೆ ಅಳತೆ ಹೊರಗೆ ಬರುತ್ತದೆ. ಒಂದು ತಂತಿಯಲ್ಲಿ ಸೊನ್ನೆ, ಒಂದುಗಳ ಸಾಲು. ಇನ್ನೊಂದರಲ್ಲಿ ಬರೀ ಮಿಡಿತ. ಶಶಿಕಲಾ ತನ್ನ ಬೋರ್ಡಿನ ಗಡಿಯಾರ ನಂಬಿಕೊಂಡು ಓದಿಸಿದಳು. ಬಂದದ್ದೆಲ್ಲ ಕಸ. ನಾಲ್ಕು ದಿನ ಹೆಣಗಾಡಿದ ಮೇಲೆ ಬುದ್ಧಿ ಬಂತು: ಮಿಡಿತ ಕೊಡುವುದು ವರ್ನಿಯರ್, ಅದು ‘ಈಗ’ ಎಂದಾಗ ಮಾತ್ರ ನೋಡಬೇಕು, ನಮ್ಮ ಆತುರ ಅಲ್ಲಿ ನಡೆಯುವುದಿಲ್ಲ. ಒಂದೊಂದು ಅಳತೆಗೆ ಇಪ್ಪತ್ತನಾಲ್ಕು ಮಿಡಿತ, ಇಪ್ಪತ್ತನಾಲ್ಕು ಸಲ ಕಾಯಬೇಕು. ಆಯುಧಪೂಜೆಯ ಹಿಂದಿನ ದಿನ, ಇಪ್ಪತ್ತೈದು ಮಿಲಿಮೀಟರಿನ ಉಕ್ಕಿನ ತುಂಡನ್ನು ಹಿಡಿದಾಗ 25.00 ಎಂದು ಕೆಂಪಗೆ ಬೆಳಗಿತು.

ಸಂಜೆಗೇ ತಮ್ಮಣ್ಣ ವರ್ನಿಯರ್ ಬಿಚ್ಚಿಸಿಕೊಂಡ. “ನಾಳೆ ಪೂಜೆ. ಇದಿಲ್ದೆ ಆಯ್ತದಾ?”

ವಿಜಯದಶಮಿ ಬೆಳಿಗ್ಗೆ ವಾಪಸು ತಂದ. ತಂತಿ ಸಿಕ್ಕಿಸಿ ಅದೇ ತುಂಡು ಹಿಡಿದರೆ 12.48. ಇನ್ನೊಮ್ಮೆ ಹಿಡಿದರೆ 3.07. ಮಾರನೆಯ ದಿನವೇ ಶುಕ್ರವಾರ. ವರ್ನಿಯರ್‌ನ ಪುಟ್ಟ ಪರದೆಯಲ್ಲಿ ಅಳತೆ ಸರಿಯಾಗೇ ಇತ್ತು. ಹಾಗಾಗಿ ತಾನು ಬರೆದ ಪ್ರೋಗ್ರಾಂ ಮೇಲೆಯೇ ಅನುಮಾನ ಬಂದು ಮೂರು ಸಲ ತಿದ್ದಿದಳು. ಒಬ್ಬಟ್ಟು ತಟ್ಟೆಯಲ್ಲೇ ಆರಿತು. ತಮ್ಮಣ್ಣ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದ. ಮಧ್ಯಾಹ್ನ ಎರಡು ಗಂಟೆಗೆ ಆಕೆ ತಲೆ ತಗ್ಗಿಸಿ ಹೇಳಿದಳು: “ಗೊತ್ತಾಗ್ತಿಲ್ಲ ಅಣ್ಣ.”

“ನನ್ನ ಗ್ರಹಚಾರ, ನೀನೇನು ಮಾಡ್ತೀಯ,” ಎಂದು ತಮ್ಮಣ್ಣ ಎದ್ದ.

ವರ್ನಿಯರ್ ಅವನಿಗೆ ವಾಪಸು ಕೊಡಲೆಂದು ಶಶಿಕಲಾ ತಂತಿ ಕಿತ್ತಳು. ತಂತಿಯ ಪಿನ್ನುಗಳ ತುದಿ ಕೆಂಪಾಗಿತ್ತು. ಟಾರ್ಚು ಬಿಟ್ಟು ನೋಡಿದರೆ ಕಿಂಡಿಯ ತುಂಬ ಗಂಧ ಕಲಸಿದ ಕುಂಕುಮ ಒಣಗಿ ಕೂತಿದೆ! ಅರ್ಧಕ್ಕರ್ಧ ಮಿಡಿತ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

“ಯಾವ ಪುಣ್ಯಾತ್ಮ ಅಣ್ಣ ಇದರೊಳಗೆ ಕುಂಕುಮ ಮೆತ್ತಿದ್ದು?”

“ನಾನೇ ಕಣಮ್ಮ. ವರ್ಷಾ ವರ್ಷಾ ಲೇತ್‌ಗೆ ದೊಡ್ಡದಾಗಿ ಇಡ್ತಿದ್ದೆ. ಈ ಸಲ ಇದಕ್ಕಿಟ್ಟೆ. ನನ್ನ ಕೈ ಬಿಡ್ಬೇಡಪ್ಪ ಅಂತ ಕೇಳ್ಕೊಂಡೆ. ಎಲ್ಲಿ ಇಡ್ತಾ ಇದೀನಿ ಅಂತ ಕಾಣ್ಲಿಲ್ಲ.”

ಬೈಯಲು ಬಾಯಿ ತೆರೆದಿದ್ದ ಶಶಿಕಲಾ ಹಾಗೇ ಹತ್ತಿಗೆ ಕೈಹಾಕಿದಳು. ಅದನ್ನು ಸ್ಪಿರಿಟ್‌ನಲ್ಲಿ ಅದ್ದಿ ಕಿಂಡಿ ಒರೆಸಿದಳು, ಆರುವ ತನಕ ಕಾದಳು, ತಂತಿ ಸಿಕ್ಕಿಸಿದಳು. ತಮ್ಮಣ್ಣ ಬಾಗಿಲಲ್ಲಿ ನಿಂತೇ ಗಟ್ಟಿಯಾಗಿ ಓದಿದ: “ಇಪ್ಪತ್ತೈದು, ಸೊನ್ನೆ, ಸೊನ್ನೆ.”

ಶುಕ್ರವಾರ ಸಂಜೆ ತಮ್ಮಣ್ಣ ಅಂಕಿಯ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದ. ಶೆಡ್ಡಿನಲ್ಲಿ ಬಿಟ್ಟುಬರಲು ಮನಸ್ಸಾಗಲಿಲ್ಲವಂತೆ. ನಲವತ್ತು ಶಾಫ್ಟ್, ಒಂದೂ ಹಾಳಾಗಿರಲಿಲ್ಲ. ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದ.

“ಇದಕ್ಕೂ ಒಂದು ಬೊಟ್ಟು ಇಡ್ಬೇಕು. ಎಲ್ಲಿಟ್ರೆ ಏನೂ ಆಗಲ್ಲ, ನೀನೇ ತೋರ್ಸಮ್ಮ.”

ಶಶಿಕಲಾ ಅವನ ಬೆರಳು ಹಿಡಿದು ಪೆಟ್ಟಿಗೆಯ ಮರದ ಅಂಚಿಗೆ ಮುಟ್ಟಿಸಿದಳು.